ಟೇಪು, ತಕ್ಕಡಿ ಮತ್ತು 84 ದಿನ

ಇದನ್ನು ಹೋದ ವರ್ಷವೇ ಬರೆಯಬೇಕಿತ್ತು. ಧೈರ್ಯ ಬರಲಿಲ್ಲ. ಬೆಕ್ಕಿಗೆ ಬಂದ ಎಫ್‌ಐಪಿ ಅನ್ನೋ ಮಾರಕ ಕಾಯಿಲೆ ವಾಸಿಯಾಯ್ತು ಅಂತ ಊರಿಗೆಲ್ಲ ಹೇಳಿದ ವಾರದಲ್ಲೇ ಜ್ವರ ತಿರುಗಿ ಬಂದ ಕಥೆಗಳನ್ನು ಎರಡು ಮೂರು ಕೇಳಿದ್ದೆ. ಈಗ 84 ದಿನದ ಔಷಧ ಮುಗಿಸಿ ಹತ್ತು ತಿಂಗಳಾಯಿತು. ನನ್ನ ಬೆಕ್ಕು ಪುಟಾಣಿ ಹೊಲಿಗೆ ಮೆಷಿನ್ ಪಕ್ಕ, ಯಾರದೋ ರೇಷ್ಮೆ ಬ್ಲೌಸ್ ಪೀಸಿನ ಮೇಲೆ ಕಾಲು ಚಾಚಿ ಮಲಗಿದ್ದಾನೆ. ಇನ್ನು ಬರೆಯಬಹುದು.

ಓದುವವರೆಲ್ಲ ಬೆಕ್ಕು ಸಾಕಿದವರೇ. ಈ ಕಾಯಿಲೆ ಹೇಗೆ ಬರುತ್ತೆ, ಅದರ ವೈರಸ್ ತಡೆಯುವ ಜಿಎಸ್ ಇಂಜೆಕ್ಷನ್ ಹೇಗೆ ಕೆಲಸ ಮಾಡುತ್ತೆ ಅಂತ ಪಾಠ ಮಾಡಲ್ಲ. ನಾನು ಎಲ್ಲಿ ಎಡವಿದೆ, ಎಷ್ಟು ದುಡ್ಡು ಹೋಯ್ತು, ಅದನ್ನಷ್ಟೇ ಹೇಳುತ್ತೇನೆ.

ನಮ್ಮದು ಶಿವಮೊಗ್ಗ. ಪುಟಾಣಿ ಸಿಕ್ಕಿದ್ದು ಮೀನು ಮಾರ್ಕೆಟ್ ಹತ್ತಿರದ ಚರಂಡಿ ಪಕ್ಕ. ಹುರಿಗಡಲೆ ಬಣ್ಣ, ಅದಕ್ಕೇ ಆ ಹೆಸರು. ಐದು ತಿಂಗಳಾದಾಗ, ಜೂನ್ ಮಳೆ ಶುರುವಾದ ಹೊತ್ತಿಗೆ, ಹೊಟ್ಟೆ ದಪ್ಪ ಆಗತೊಡಗಿತು. ನಮ್ಮತ್ತೆ "ನೋಡು, ಹೆಂಗೆ ಮೈ ಕೈ ತುಂಬ್ಕೊಂಡಿದೆ" ಅಂತ ಖುಷಿಪಟ್ಟರು. ನಾನೂ ಜಂತುಹುಳ ಇರಬೇಕು ಅಂತ ಎರಡು ಸಲ ಮಾತ್ರೆ ಹಾಕಿಸಿದೆ. ಹೊಟ್ಟೆ ಇಳಿಯಲಿಲ್ಲ. ಒಂದು ದಿನ ಬೆನ್ನು ಸವರಿದರೆ ಮೂಳೆ ಒಂದೊಂದೂ ಎಣಿಸೋ ಹಾಗಿತ್ತು. ಕೆಳಗೆ ಗಡಿಗೆ, ಮೇಲೆ ಹಗ್ಗ. ಜ್ವರ 104. ಎರಡು ವಾರದಲ್ಲಿ ಮೂರು ತರದ ಆಂಟಿಬಯೋಟಿಕ್ ಆಯ್ತು. ಜ್ವರ ಬೆಳಿಗ್ಗೆ ಇಳಿದು ಸಂಜೆ ಏರುತ್ತಿತ್ತು. ಒಂಬತ್ತು ಸಾವಿರ ಹೋಗಿದ್ದು ಇಲ್ಲೇ.

ಆಮೇಲೆ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆಸಿದೆ. ಜೇನುತುಪ್ಪಕ್ಕೆ ನೀರು ಬೆರೆಸಿದ ಬಣ್ಣ, ಎರಡು ಬೆರಳ ಮಧ್ಯೆ ಹಿಡಿದರೆ ದಾರದ ಹಾಗೆ ಎಳೆಯುತ್ತಿತ್ತು. ಸುಮಾರು 200 ಎಂ.ಎಲ್. ತೆಗೆದರು. ಆ ರಾತ್ರಿ ಮರಿ ಹಗುರವಾಗಿ ಓಡಾಡಿತು, ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಎರಡನೇ ದಿನಕ್ಕೆ ಹೊಟ್ಟೆ ಮತ್ತೆ ಮೊದಲಿನಷ್ಟೇ! ಮರಿ ಮಾತ್ರ ಎದ್ದು ನಿಲ್ಲಲಾರದಷ್ಟು ಸೋತಿತ್ತು. ಆ ನೀರಿನ ಜೊತೆ ಮೈಯ ಪ್ರೋಟೀನೂ ಹೋಗುತ್ತೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಉಸಿರಾಡೋಕೆ ಕಷ್ಟ ಆದರೆ ಮಾತ್ರ, ಅದೂ ಬೇಕಾದಷ್ಟೇ ತೆಗೆಸಿ. ಸುಮ್ನೆ ಖಾಲಿ ಮಾಡಿಸಬೇಡಿ.

ರಕ್ತದ ರಿಪೋರ್ಟ್ ಬಂತು. ರಕ್ತದ ಎರಡು ಪ್ರೋಟೀನುಗಳಲ್ಲಿ ಆಲ್ಬುಮಿನ್ 2, ಗ್ಲಾಬ್ಯುಲಿನ್ ಆರೂವರೆಯ ಮೇಲೆ. ಅನುಪಾತ 0.3. 0.4ಕ್ಕಿಂತ ಕೆಳಗೆ ಅಂದರೆ ಎಫ್‌ಐಪಿ ಇರೋ ಸಾಧ್ಯತೆ ಬಹಳ ಹೆಚ್ಚು. ಡಾಕ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದಕ್ಕೆ ಮದ್ದಿಲ್ಲಮ್ಮ. ನರಳಿಸಬೇಡಿ, ಮಲಗಿಸಿಬಿಡೋಣ" ಅಂದರು. ಅವರನ್ನು ಬೈಯಲ್ಲ. ಅವರು ಓದಿದ ಕಾಲಕ್ಕೆ ಅದೇ ನಿಜ. 2019ರಲ್ಲಿ ಅಮೆರಿಕದ ಡೇವಿಸ್‌ನ ವಿಶ್ವವಿದ್ಯಾಲಯದಲ್ಲಿ ನೀಲ್ಸ್ ಪೆಡರ್ಸನ್ ತಂಡ 31 ಬೆಕ್ಕುಗಳಿಗೆ ಜಿಎಸ್ ಕೊಟ್ಟು, 25 ಉಳಿದುಕೊಂಡವು ಅಂತ ಪ್ರಕಟಿಸುವ ತನಕ ಈ ಕಾಯಿಲೆ ಬಂದ ಬೆಕ್ಕು ಹೆಚ್ಚುಕಮ್ಮಿ ಸತ್ತಂತೆಯೇ ಲೆಕ್ಕ.

ಮನೆಗೆ ಬಂದು, ಆ ಜಿಎಸ್ ಕೊಡಿಸ್ತೀನಿ ಅಂತ ಹೇಳಿದೆ. ಅತ್ತೆ ಖರ್ಚು ಕೇಳಿದರು. "ಅಲ್ಲ ಕಣೇ, ರೋಡಲ್ಲಿ ಸಿಕ್ಕಿದ ಬೆಕ್ಕಿಗೆ ಐವತ್ತು ಸಾವಿರವಾ? ಆ ದುಡ್ಡಿಗೆ ಕರು ಸಮೇತ ಹಸು ಬರುತ್ತೆ." ಯಜಮಾನರು ಏನೂ ಹೇಳದೆ ಟಿ.ವಿ. ಸೌಂಡು ಜಾಸ್ತಿ ಮಾಡಿದರು. ಮರುದಿನ ಹೋಗಿ 50 ಸಾವಿರದ ಚೀಟಿ ಕೂಗಿದೆ. ಕೈಗೆ ಬಂದಿದ್ದು 41. ಆ 9 ಸಾವಿರವನ್ನು ಇವತ್ತಿಗೂ ಪುಟಾಣಿಯ ಖರ್ಚಿಗೆ ಸೇರಿಸಿಲ್ಲ, ಅತ್ತೆಗೂ ಹೇಳಿಲ್ಲ.

ಇನ್ನೊಬ್ಬ ಡಾಕ್ಟ್ರು ಸಿಕ್ಕರು, ಚಿಕ್ಕ ವಯಸ್ಸು. "ಔಷಧ ನೀವು ಹೊಂದಿಸಿಕೊಳ್ಳಿ, ಡೋಸು, ರಕ್ತ ಪರೀಕ್ಷೆ ನಾನು ನೋಡ್ಕೋತೀನಿ" ಅಂದರು. ಅಷ್ಟು ಸಾಕಿತ್ತು. ಔಷಧ ಎಲ್ಲಿಂದ ತರಿಸಿದೆ ಅಂತ ಇಲ್ಲಿ ಬರೆಯಲ್ಲ, ತಪ್ಪು ತಿಳಿಯಬೇಡಿ. ವಯಲ್, ಅಂದರೆ ಔಷಧದ ಪುಟ್ಟ ಬಾಟಲಿ, ಕೈಗೆ ಬರೋಕೆ ಐದಾರು ದಿನ ಅಂದರು. ಪುಟಾಣಿಗೆ ಅಷ್ಟು ದಿನ ಇರಲಿಲ್ಲ.

ಆಗ ಮಲ್ಲೇಶ್ವರದ ಅಕ್ಕ ಫೋನ್ ಮಾಡಿದರು. ಅವರ ಮುಖ ನಾನು ಇವತ್ತಿಗೂ ನೋಡಿಲ್ಲ. ಅವರ ಬೆಕ್ಕಿಗೂ ಇದೇ ಕಾಯಿಲೆ. ಮೆಜೆಸ್ಟಿಕ್‌ನಿಂದ ಹೊರಟ ರಾತ್ರಿ ಬಸ್ಸಿನಲ್ಲಿ ಒಂದು ಥರ್ಮಕೋಲ್ ಡಬ್ಬ ಬಂತು. ಬೆಳಗಿನ ಜಾವ ಐದಕ್ಕೆ ಮಳೆಯಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಇಸಕೊಂಡೆ. ಒಳಗೆ ಎರಡೂವರೆ ವಯಲ್, ಒಂದು ಹಿಡಿ ಸಿರಿಂಜು, ನೆಕ್ಕುವ ಕ್ರೀಮಿನ ನಾಲ್ಕು ಪ್ಯಾಕೆಟ್. ಒಂದು ಚೀಟಿ: "ನಮ್ಮವಳದು 19ನೇ ದಿನಕ್ಕೆ ನಿಂತಿತು. ಮಿಕ್ಕಿದ್ದು ನಿಮ್ಮವನಿಗೆ." ದುಡ್ಡು ಕಳಿಸ್ತೀನಿ ಅಂದರೆ ಅವರು ಫೋನೇ ಇಟ್ಟುಬಿಟ್ಟರು.

ಮಂಗಳೂರಿನ ಒಬ್ಬ ಕಾಲೇಜು ಹುಡುಗ ವಿಡಿಯೋ ಕಾಲಿನಲ್ಲಿ ಇಂಜೆಕ್ಷನ್ ಕಲಿಸಿದ. "ಆಂಟಿ, ಚರ್ಮ ಟೆಂಟಿನ ಹಾಗೆ ಎತ್ತಿ. ಹೆದರಬೇಡಿ, ನಿಮಗೆ ಸೂಜಿ ಹೊಸದಾ?" ಅಂತ ಕೇಳಿದ. ಇಪ್ಪತ್ತು ವರ್ಷ ಸೂಜಿ ಹಿಡಿದ ಕೈ ನನ್ನದು. ಆದರೂ ಮೊದಲನೇ ದಿನ ಅರ್ಧ ಔಷಧ ಕೂದಲ ಮೇಲೆ. ಸೂಜಿ ಆ ಕಡೆಯಿಂದ ಹೊರಗೆ ಬಂದಿತ್ತು, ಟಾಕಾ ಹಾಕಿದ ಹಾಗೆ.

ಈ ಔಷಧ ಆಮ್ಲದಂಥದ್ದು, ಉರಿಯುತ್ತೆ. ಮರಿ ಕಿರುಚುವುದು ಕೇಳಿದರೆ ಕರುಳು ಕಿವುಚುತ್ತೆ. ಸೂಜಿಯ ಮೇಲೇ ಒಂದಷ್ಟು ಪ್ರಯೋಗ ಮಾಡಿದೆ. ಇನ್ಸುಲಿನ್ ಸಿರಿಂಜು ತೀರಾ ಸಣ್ಣ, ಔಷಧ ಇಳಿಯೋದೇ ಇಲ್ಲ. ಎರಡು ಎಂ.ಎಲ್. ಸಿರಿಂಜಿನ ಜೊತೆ ಬರುವ 24 ನಂಬರೇ ನನಗೆ ಒಗ್ಗಿತು. ವಯಲಿನ ರಬ್ಬರಿಗೆ ಚುಚ್ಚಿದ ಸೂಜಿಯಲ್ಲೇ ಬೆಕ್ಕಿಗೆ ಚುಚ್ಚಬೇಡಿ, ಮೊನೆ ಹೋಗಿರುತ್ತೆ. ರೇಷ್ಮೆಗೆ ಮೊಂಡು ಸೂಜಿ ಹಾಕಿ ನೋಡಿದವರಿಗೆ ಇದು ಹೇಳಬೇಕಿಲ್ಲ. ಒಂದು ವಯಲ್ ಫ್ರಿಜ್ಜಿನಲ್ಲಿಟ್ಟೆ, ದಪ್ಪ ಆಯ್ತು. ಆಮೇಲೆ ಸಿರಿಂಜನ್ನು ಅಂಗೈಯಲ್ಲಿ ಐದು ನಿಮಿಷ ಬೆಚ್ಚಗೆ ಹಿಡಿದುಕೊಂಡು ಹಾಕತೊಡಗಿದೆ. ಮರಿಯನ್ನು ಟವೆಲಿನಲ್ಲಿ ಮಸಾಲೆ ದೋಸೆ ಹಾಗೆ ಸುತ್ತಿ, ಮೂತಿ ಮುಂದೆ ಕ್ರೀಮು. ಇನ್ನೊಂದು ಉಪಾಯ ಇದೆ, ಅದು ಗೊತ್ತಾದ ಮೇಲೆ ಪುಟಾಣಿ ಕಿರುಚುವುದೇ ನಿಂತಿತು. ಡಾಕ್ಟ್ರನ್ನು ಕೇಳಿದರೆ ಅವರೇ ಹೇಳುತ್ತಾರೆ, ನಾನು ಹೇಳಿದರೆ ಅಳತೆ ತಪ್ಪಿ ಹೆಚ್ಚುಕಮ್ಮಿ ಆದೀತು.

ಈಗ ನನ್ನ ಸ್ವಂತ ಪದ್ಧತಿಗೆ ಬರುತ್ತೇನೆ. ಸ್ವಲ್ಪ ಜಂಬ ಇದೆ, ಇರಲಿ.

ಮೊದಲನೇ ದಿನ ತೂಕ 1 ಕೆ.ಜಿ. 600. ಕೆ.ಜಿ.ಗೆ ಆರು ಮಿಲಿಗ್ರಾಂ ಲೆಕ್ಕದಲ್ಲಿ ಹತ್ತಿರ ಹತ್ತಿರ ಅರ್ಧ ಎಂ.ಎಲ್. ಎರಡನೇ ದಿನ ರಾತ್ರಿಯೇ ಜ್ವರ ಬಿಟ್ಟಿತು. ಮೂರನೇ ದಿನ ತಾನಾಗೇ ಬಂದು ತಟ್ಟೆ ನೆಕ್ಕಿದ. ಹತ್ತನೇ ದಿನ ತೂಗಿದರೆ 1 ಕೆ.ಜಿ. 420! ಎದೆ ಧಸಕ್ಕೆಂದಿತು. ತಿನ್ನುತ್ತಿದ್ದಾನೆ, ತೂಕ ಯಾಕೆ ಇಳಿಯಿತು? ಕೊರಳಲ್ಲಿ ಟೇಪು ಇತ್ತು. ಹೊಟ್ಟೆ ಸುತ್ತ ಹಿಡಿದೆ. ಮೊದಲನೇ ದಿನ ತಮಾಷೆಗೆ ಅಳೆದು ಬ್ಲೌಸ್ ಅಳತೆ ಪುಸ್ತಕದಲ್ಲಿ ಬರೆದಿಟ್ಟಿದ್ದೆ, 14 ಇಂಚು. ಈಗ ಹನ್ನೊಂದೂವರೆ. ಇಳಿದಿದ್ದು ಮರಿಯಲ್ಲ, ನೀರು.

ಅವತ್ತಿನಿಂದ ಪುಸ್ತಕದಲ್ಲಿ ಪುಟಾಣಿಗೆ ಒಂದು ಹಾಳೆ. ತೂಕ, ಟೇಪು, ಜ್ವರ. ತೂಕವೂ ಟೇಪೂ ಇಳಿದರೆ ನೀರು ಹೋಗ್ತಿದೆ. ತೂಕ ಏರಿ ಟೇಪು ಅಲ್ಲೇ ನಿಂತರೆ ಮೈ ಕೂಡ್ತಿದೆ. ಎರಡೂ ಏರಿದರೆ ತಕ್ಷಣ ಡಾಕ್ಟ್ರಿಗೆ ಫೋನು. ನೀರು ಹೋಗಿ ತೂಕ ಇಳಿಯಿತು ಅಂತ ಡೋಸು ಇಳಿಸಬಾರದು. ತೂಗೋದಕ್ಕೆ ಪಕ್ಕದ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ, ಬೆಳಿಗ್ಗೆ ಗಿರಾಕಿ ಬರೋ ಮೊದಲು, ಬಿದಿರು ಬುಟ್ಟಿಯಲ್ಲಿಟ್ಟು. ಬಾತ್‌ರೂಮ್ ತಕ್ಕಡಿಯಲ್ಲಿ ನಾವೇ ಎತ್ತಿಕೊಂಡು ನಿಂತು ಕಳೆಯುವ ಲೆಕ್ಕ ಈ ಕೆಲಸಕ್ಕೆ ಬರಲ್ಲ. ನೂರು ಗ್ರಾಂ ಆಚೀಚೆ ಆಗುತ್ತೆ, ಮರಿಗೆ ನೂರು ಗ್ರಾಂ ಅಂದರೆ ಸಣ್ಣದಲ್ಲ.

ಇಷ್ಟು ಗೊತ್ತಿದ್ದವಳು ಏನು ಮಾಡಿದೆ ಅಂತ ಕೇಳಿ. ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಬ್ಲೌಸುಗಳು ರಾಶಿ ಬಿದ್ದವು, ರಾತ್ರಿ ಒಂದು ಗಂಟೆವರೆಗೆ ಮೆಷಿನ್. ಮರಿ ಕುಣಿಯುತ್ತಿದೆ, ತಿನ್ನುತ್ತಿದೆ, ಇನ್ನೇನು ಅಂತ ಎರಡು ವಾರ ತೂಗಲೇ ಇಲ್ಲ. ಸಿರಿಂಜಿಗೆ ಅದೇ ಅರ್ಧ ಎಂ.ಎಲ್. 37ನೇ ದಿನ ಸಂಜೆ, ಬಾಗಿಲ ಬೆಳಕಲ್ಲಿ ನನ್ನ ಕಡೆ ತಿರುಗಿದ. ಒಂದು ಕಣ್ಣು ಎಂದಿನ ಹಾಗೆ ಹಳದಿ ಹಸಿರು. ಇನ್ನೊಂದು ಕೆಂಪು ಮಣ್ಣು ಕದಡಿದ ತುಂಗೆ ನೀರಿನ ಬಣ್ಣ. ಜ್ವರ 103.8. ಓಡಿಹೋಗಿ ತೂಗಿದರೆ ಎರಡು ಕೆ.ಜಿ. ನೂರು. ಅಂದರೆ ಆರು ಮಿಲಿಗ್ರಾಂ ಅಂತ ನಾನು ಅಂದುಕೊಂಡು ಹಾಕುತ್ತಿದ್ದದ್ದು ಐದಕ್ಕಿಂತ ಕೆಳಗೆ ಬಂದಿತ್ತು. ಕಾಯಿಲೆ ಕಣ್ಣಿಗೆ ನುಗ್ಗಿತ್ತು.

ಅವತ್ತು ಕೆಲವರು "ಇನ್ನು ಬಿಟ್ಬಿಡಿ, ಕಣ್ಣಿಗೆ ಬಂದ್ರೆ ಮುಗೀತು" ಅಂದರು. ಡಾಕ್ಟ್ರು ಡೋಸು ಎಂಟಕ್ಕೆ ಏರಿಸಿದರು. ಕಣ್ಣಿಗೆ, ನರಕ್ಕೆ ಔಷಧ ಸುಲಭವಾಗಿ ತಲುಪಲ್ಲ, ಜಾಸ್ತಿ ಬೇಕು. ಮಲ್ಲೇಶ್ವರದ ಅಕ್ಕ ರಾತ್ರಿ ಎರಡರವರೆಗೆ ಫೋನಿನಲ್ಲಿದ್ದರು. ಮಾತು ಕಮ್ಮಿ. ನಾನು ಕಾಜಾ ಹೊಲಿಯುತ್ತಿದ್ದೆ, ಅವರು ಆ ಕಡೆ ಪಾತ್ರೆ ತೊಳೆಯುತ್ತಿದ್ದರು. ಐದನೇ ದಿನಕ್ಕೆ ಕಣ್ಣು ತಿಳಿಯಾಯಿತು.

ಮಧ್ಯೆ ಒಂದೆರಡು ಹುಚ್ಚು ಪ್ರಯೋಗ. ಈ ವೈರಸ್ಸಿನ ಮೂಲ ಬೆಕ್ಕಿನ ಮಲದಲ್ಲಿ ಹರಡುವ ಸಾದಾ ಕೊರೊನಾ, ಅದಕ್ಕೇ ಮರಳ ಟ್ರೇ ದಿನಾ ಬದಲಿಸಬೇಕು ಅಂತ ಶುರುಮಾಡಿದೆ. ಮರಳಿನ ಖರ್ಚು ತಾಳದೆ ಭತ್ತದ ಹೊಟ್ಟು ಹಾಕಿ ನೋಡಿದೆ. ಬಾಲಕ್ಕೆಲ್ಲ ಅಂಟಿಸಿಕೊಂಡು ಬಂದು ಮದುವೆ ಸೀರೆಯ ಫಾಲ್ಸಿನ ಮೇಲೆ ಕೂತ. ವಾಪಸ್ ಮರಳಿಗೆ ಬಂದೆ. ಇನ್ನೊಂದು, ಎಫ್‌ಐಪಿ ಇರಬಹುದಾ ಅಂತ ನೋಡಲು ಹೊಟ್ಟೆಯ ನೀರಿಗೆ ಮಾಡುವ ರಿವಾಲ್ಟಾ ಪರೀಕ್ಷೆ. ಡಾಕ್ಟ್ರು ಮಾಡಿದ ಮೇಲೂ ಮನೆಯಲ್ಲಿ ನಾನೂ ಮಾಡಿದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಅಡುಗೆ ವಿನೆಗರ್. ಹೊಟ್ಟೆಯ ನೀರಿನ ಹನಿ ಅದರಲ್ಲಿ ಕರಗದೆ, ಪುಟ್ಟ ಅಂಬಲಿ ಮೀನಿನ ಹಾಗೆ ತೇಲಿ ನಿಂತಿತು. ಉಪಯೋಗ ಏನೂ ಇಲ್ಲ, ನೋಡಿದ್ದಷ್ಟೇ.

ಕೊನೆಯ ಮೂರು ವಾರ ಇಂಜೆಕ್ಷನ್ ಬದಲು ಮಾತ್ರೆ. ಒಂದು ಮಾತ್ರೆಗೆ ಆಗ ಸುಮಾರು 400 ರೂಪಾಯಿ. ತುಪ್ಪ ಸವರಿ ನುಂಗಿಸುತ್ತಿದ್ದೆ. ಒಮ್ಮೆ ಹತ್ತೇ ನಿಮಿಷಕ್ಕೆ ಕಕ್ಕಿದ, 400 ರೂಪಾಯಿ ನೆಲದ ಮೇಲೆ. 84 ದಿನದ ಬದಲು 42 ದಿನವೇ ಸಾಕು ಅಂತ 2024ರಲ್ಲಿ ಜರ್ಮನಿಯವರು 40 ಬೆಕ್ಕುಗಳಲ್ಲಿ ತೋರಿಸಿದ್ದಾರೆ. ನನ್ನ ಡಾಕ್ಟ್ರಿಗೂ ಗೊತ್ತಿತ್ತು. ಕಣ್ಣಿನ ಕಥೆ ಆದಮೇಲೆ ಇಬ್ಬರಿಗೂ ಆ ಧೈರ್ಯ ಬರಲಿಲ್ಲ.

ಲೆಕ್ಕ ಕೇಳುವವರಿಗೆ: ಅಕ್ಕ ಕೊಟ್ಟ ಎರಡೂವರೆ ಬಿಟ್ಟು ನಾನು ಕೊಂಡಿದ್ದು ಆರು ವಯಲ್, ಒಂದಕ್ಕೆ 3,800ರ ಹಾಗೆ. ಮಾತ್ರೆ ಎಂಟೂವರೆ ಸಾವಿರ. ರಕ್ತ ಪರೀಕ್ಷೆಗಳು ಒಂಬತ್ತು ಸಾವಿರದ ಹತ್ತಿರ. ಮೊದಲಿನ ದಂಡ ಒಂಬತ್ತು. ಸಿರಿಂಜು, ಕ್ರೀಮು, ಆಟೋ ಎಲ್ಲ ಸೇರಿ 50 ಸಾವಿರದ ಮೇಲೆ ಸ್ವಲ್ಪ. ಮುಗಿದಾಗ ತೂಕ ಮೂರು ಕೆ.ಜಿ. ದಾಟಿತ್ತು, ಅನುಪಾತ 0.8ರ ಮೇಲೆ. ಅತ್ತೆ ಈಗ ಬಂದವರಿಗೆಲ್ಲ "ಐವತ್ತು ಸಾವಿರದ ಬೆಕ್ಕು" ಅಂತ ತೋರಿಸುತ್ತಾರೆ. ಹಸುವಿನ ಮಾತು ಎತ್ತಲ್ಲ.

ಆರನೇ ವಯಲ್ ಒಡೆದಿರಲಿಲ್ಲ. ಔಷಧ ನಿಲ್ಲಿಸಿದ ಮೇಲೆ ನಿಗಾ ಇಡುವ ಇನ್ನೊಂದು 84 ದಿನ, ಕಾಯಿಲೆ ತಿರುಗಿ ಬಂದರೆ ಇರಲಿ ಅಂತ ಬೀರುವಿನಲ್ಲಿಟ್ಟಿದ್ದೆ. ಅದು ಮುಗಿದ ವಾರದಲ್ಲೇ ದಾವಣಗೆರೆಯಿಂದ ಒಬ್ಬರು ಅಳುತ್ತಾ ಫೋನ್ ಮಾಡಿದರು, ನಾಲ್ಕು ತಿಂಗಳ ಹೆಣ್ಣು ಮರಿ. ಅದೇ ಥರ್ಮಕೋಲ್ ಡಬ್ಬದಲ್ಲಿ ವಯಲ್ ಇಟ್ಟೆ, ಮೇಲೆ ಒಂದು ಹಳೇ ಟೇಪು ಸುತ್ತಿಟ್ಟು ಬಸ್ಸಿಗೆ ಹಾಕಿದೆ. ಮರುದಿನ ಅವರ ಫೋಟೋ ಬಂತು. ತಕ್ಕಡಿ ಮೇಲೆ ಪ್ಲಾಸ್ಟಿಕ್ ಬುಟ್ಟಿ, ಒಳಗೆ ಎರಡು ಕಿವಿ. 1 ಕೆ.ಜಿ. 240.

"ಟೇಪು ಹಿಡಿದ್ರಾ?" ಅಂತ ಕೇಳಿದೆ.