ಕಾಫಿ ಸೀಮೆಯಲ್ಲೊಂದು ಡಿಸ್ಟೋಪಿಯಾ: 12 ನಿಮಿಷದ ಕಿರುಚಿತ್ರಕ್ಕೆ ಲೋಕ ಕಟ್ಟುವ ಬಗೆ

ಡಿಸ್ಟೋಪಿಯಾ, ಅಂದರೆ ಕಟ್ಟುಪಾಡುಗಳಲ್ಲಿ ಜನ ಉಸಿರುಗಟ್ಟಿ ಬದುಕುವ ಕಲ್ಪಿತ ಲೋಕ, ಅಂದಕೂಡಲೇ ಬಹಳಷ್ಟು ಸ್ಕ್ರಿಪ್ಟುಗಳು ಪಾಳು ಕಟ್ಟಡದಿಂದಲೇ ಶುರುವಾಗುತ್ತವೆ. ಹಾಸನದ ಸುತ್ತಮುತ್ತಲಂತೂ ಕ್ಯಾಮೆರಾ ಸೀದಾ ಶೆಟ್ಟಿಹಳ್ಳಿ ಚರ್ಚಿಗೆ ಹೋಗುತ್ತದೆ. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಆ ಗೋಡೆಗಳು ಚೆಂದವೇ, ಆದರೆ ಪ್ರೀ-ವೆಡ್ಡಿಂಗ್ ಫೋಟೋಗಳಲ್ಲಿ ಸವೆದುಹೋಗಿವೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಪಾಳು ಬಿದ್ದದ್ದು ಎಲ್ಲ ಮುಗಿದ ಮೇಲಿನ ಕಥೆ ಹೇಳುತ್ತದೆ. ಡಿಸ್ಟೋಪಿಯಾದಲ್ಲಿ ಯಾವುದೂ ಮುಗಿದಿರುವುದಿಲ್ಲ. ಬಸ್ಸು ಹೊತ್ತಿಗೆ ಬರುತ್ತದೆ, ರೇಷನ್ ಅಂಗಡಿ ತೆರೆದಿದೆ, ಕಚೇರಿ ಗೋಡೆಗೆ ಹೊಸ ಸುಣ್ಣ ಬಳಿದಿದೆ. ಗುಡಿಸಿ ತೊಳೆದ ಕಾಫಿ ಕಣ, ಒಂದು ಗೋಡೌನು, ತೋಟದ ಕೂಲಿಯವರ ಸಾಲು ಲೈನ್ ಮನೆಗಳು ಇದ್ದರೆ ಸಾಕು. 1965ರ ‘ಆಲ್ಫಾವಿಲ್’ ಚಿತ್ರಕ್ಕೆ ಫ್ರೆಂಚ್ ನಿರ್ದೇಶಕ ಗೊದಾರ್ ಭವಿಷ್ಯದ ನಗರದ ಸೆಟ್ಟು ಹಾಕಲಿಲ್ಲ. ಅಂದಿನ ಪ್ಯಾರಿಸ್ಸನ್ನೇ ತೋರಿಸಿದರು.

ಮೊದಲು ಬರೆಯಬೇಕಾದದ್ದು ಪಾತ್ರವನ್ನಲ್ಲ, ಕಥೆಯನ್ನೂ ಅಲ್ಲ, ಒಂದು ನಿಯಮವನ್ನು. ಒಂದೇ ವಾಕ್ಯ, 15 ಪದ ಮೀರಬಾರದು. ನಮ್ಮ ಉದಾಹರಣೆ: “ಬೆಳೆದ ಕಾಫಿಯೆಲ್ಲ ಸಂಗ್ರಹಕ್ಕೆ ಸೇರತಕ್ಕದ್ದು; ನಾಲ್ಕು ತಲೆಯ ಮನೆಗೆ ತಿಂಗಳಿಗೆ 600 ಗ್ರಾಂ ಪುಡಿ.” ಬರೆದಾದ ಮೇಲೆ ಲೆಕ್ಕ ಹಾಕಿ. ಒಂದು ಲೋಟಕ್ಕೆ 10 ಗ್ರಾಂ ಪುಡಿ ಹಿಡಿದರೆ ತಿಂಗಳಿಗೆ 60 ಲೋಟ, ದಿನಕ್ಕೆ ಎರಡು. ಮನೆಯಲ್ಲಿ ನಾಲ್ಕು ಜನ. ಅಂದರೆ ಒಬ್ಬೊಬ್ಬರಿಗೆ ದಿನ ಬಿಟ್ಟು ದಿನ ಒಂದು ಲೋಟ. ಹಿತ್ತಿಲಲ್ಲೇ ಕಾಫಿ ಹಣ್ಣಾಗಿ ನಿಂತಿದ್ದರೂ ಇಷ್ಟೇ. ಈ ಲೆಕ್ಕದಿಂದ ಮೊದಲ ದೃಶ್ಯ ತಾನಾಗಿ ಹುಟ್ಟುತ್ತದೆ: ಬೆಳಿಗ್ಗೆ ಎರಡು ಲೋಟ, ನಾಲ್ಕು ಜನ.

ನಿಯಮಕ್ಕೆ ಒಳ್ಳೆಯ ಕಾರಣ ಇರಲೇಬೇಕು. ಇಲ್ಲೇ ಹೆಚ್ಚಿನವರು ಎಡವುವುದು. ಕೆಟ್ಟ ದೊರೆಯೊಬ್ಬನನ್ನು ತಂದು ಕೂರಿಸಿಬಿಡುತ್ತಾರೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಬೆಳೆಗಾರರು ಕೈಚೆಲ್ಲಿದಾಗ 1942ರ ಕಾಫಿ ಕಾಯ್ದೆ ಬಂತು, ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಸೇರತೊಡಗಿತು. ಅದು ಬೆಳೆಗಾರರನ್ನು ಉಳಿಸಿದ್ದು ನಿಜ. ಯುದ್ಧ ಮುಗಿದು ದಶಕಗಳಾದರೂ ತಾನು ಬೆಳೆದದ್ದನ್ನು ಬೇಕಾದವರಿಗೆ ಮಾರುವ ಹಕ್ಕು ಬೆಳೆಗಾರನಿಗೆ ಇರಲಿಲ್ಲ ಅನ್ನುವುದೂ ನಿಜ. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಾಗಿ 1996ರ ಹೊತ್ತಿಗೆ ಪೂರ್ತಿ ಬಿಡುಗಡೆಯಾಯಿತು. ಪೂಲ್ ವ್ಯವಸ್ಥೆಯೇ ಡಿಸ್ಟೋಪಿಯಾ ಎಂದರೆ ಅನ್ಯಾಯ. ನಮಗೆ ಬೇಕಾದದ್ದು ಅದರ ಯಂತ್ರ ಮಾತ್ರ: ಕಷ್ಟಕಾಲಕ್ಕೆಂದು ಬಂದು, ಕಷ್ಟ ತೀರಿದ ಮೇಲೂ ಹೋಗದ ಏರ್ಪಾಡು. ಮಾರ್ಗರೆಟ್ ಅಟ್ವುಡ್ 1985ರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಕಾದಂಬರಿಗೆ ಹಾಕಿಕೊಂಡ ಕಟ್ಟಳೆಯೂ ಇಂಥದ್ದೇ: ಮನುಷ್ಯರು ಎಲ್ಲೋ ಒಂದು ಕಡೆ ಆಗಲೇ ಮಾಡಿದ್ದನ್ನು ಬಿಟ್ಟು ಬೇರೇನನ್ನೂ ಸೇರಿಸಬಾರದು.

ಇನ್ನು ನಿಯಮಕ್ಕೊಂದು ತೂತು ಬೇಕು. ಮನೆಯವರು ಅಟ್ಟದ ಮೇಲೆ ಎರಡು ಸೇರು ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮುಚ್ಚಿಟ್ಟಿದ್ದಾರೆ ಅನ್ನಿ. ಕುಟ್ಟಿ ಸಿಪ್ಪೆ ತೆಗೆಯಬಹುದು, ಕದ್ದು ಹುರಿಯಲು ಮಾತ್ರ ಆಗದು. ಬಾಣಲೆಯಲ್ಲಿ ಬೀಜ ಚಟಚಟ ಸಿಡಿಯುವ ಹೊತ್ತಿಗೆ ವಾಸನೆ ನಾಲ್ಕು ಮನೆ ದಾಟಿರುತ್ತದೆ. ಹಾಗಾಗಿ ಈ ಲೋಕಕ್ಕೆ ಸಿಸಿ ಕ್ಯಾಮೆರಾ ಬೇಡ, ಮೂಗು ಸಾಕು. ಹತ್ತು ಮನೆಗೊಬ್ಬ ವಾಸನೆ ಮೇಸ್ತ್ರಿ. ಅವನನ್ನು ತಪ್ಪಿಸಲು ಜನ ಕಾಫಿ ಹುರಿಯುವಾಗ ಪಕ್ಕದ ಒಲೆಯಲ್ಲಿ ಒಣಮೀನು ಸುಡುತ್ತಾರೆ. ಮುಂದಿನ ತಿಂಗಳು ಕತ್ತಲಾದ ಮೇಲೆ ಒಣಮೀನು ಸುಡುವುದೂ ನಿಷಿದ್ಧ. ಮೂರನೇ ಮೆಟ್ಟಿಲಿಗೆ ನಿಲ್ಲಿಸಿ. ನಾಲ್ಕನೆಯದಕ್ಕೆ ಪ್ರಹಸನ ಆಗಿಬಿಡುತ್ತದೆ. ಪ್ರಹಸನವೇ ಬೇಕಿದ್ದವರು ಹತ್ತುತ್ತಾ ಹೋಗಲಿ.

ಆಳುವವನು ತೆರೆಗೆ ಬರುವುದೇ ಬೇಡ. ಬರಬೇಕಾದವರು ರೈಟರು. ತೋಟದಲ್ಲಿ ಹಾಜರಿ ಹಾಕುವ ರೈಟರು ಹೇಗೋ ಇವರೂ ಹಾಗೇ: ಮರ್ಯಾದಸ್ಥರು, ಮಕ್ಕಳ ಫೀಸಿನ ಚಿಂತೆ ಇರುವವರು, ತಮ್ಮ ಮನೆಗೂ 600 ಗ್ರಾಮೇ ಪಡೆಯುವವರು. ಅವರ ಪುಸ್ತಕ ಚಿತ್ರದ ಮುಖ್ಯ ಸಾಮಗ್ರಿ. ಅದಕ್ಕೆ ಅರ್ಧ ದಿನ ಕೊಡಿ. ಉದ್ದನೆಯ ಲೆಕ್ಕದ ಪುಸ್ತಕ ತಂದು ಐದು ಕಾಲಂ ಗೀಚಿ: ಮನೆ ನಂಬರು, ತಲೆ, ಮಂಜೂರು, ಪಡೆದದ್ದು, ಷರಾ. ಮೊದಲ ನಾಲ್ಕರಲ್ಲಿ ಅಂಕಿ ಮಾತ್ರ. ಕಥೆ ಇರುವುದು ಷರಾದಲ್ಲಿ. “ಅಜ್ಜಿ ತೀರಿಕೊಂಡರು, ತಲೆ 3” ಎಂದು ಒಂದು ಸಾಲು, ಮುಂದಿನ ತಿಂಗಳು ಅದೇ ಮನೆಗೆ 450 ಗ್ರಾಂ. ಕನಿಷ್ಠ ಆರು ಪುಟ ತುಂಬಿಸಿ, ಇಲ್ಲದಿದ್ದರೆ ಪುಟ ತಿರುವಿದಾಗ ಖಾಲಿ ಹಾಳೆ ಕ್ಯಾಮೆರಾಗೆ ಸಿಕ್ಕಿಬೀಳುತ್ತದೆ.

ಸುತ್ತೋಲೆಗೆ ಭಾಷೆ ಹುಡುಕಲು ತಲೆ ಕೆಡಿಸಿಕೊಳ್ಳಬೇಡಿ. “ಸಾರ್ವಜನಿಕ ಹಿತದೃಷ್ಟಿಯಿಂದ, ಸೂರ್ಯಾಸ್ತದ ನಂತರ ಒಣಮೀನು ಸುಡುವುದನ್ನು ತಾತ್ಕಾಲಿಕವಾಗಿ ನಿಷೇಧಿಸಿ ಆದೇಶಿಸಲಾಗಿದೆ.” ಆದೇಶಿಸಿದ್ದು ಯಾರು ಎಂಬುದು ಈ ವಾಕ್ಯದಲ್ಲೆಲ್ಲೂ ಇಲ್ಲ. ಓದುವ ನಟ ನಗಿಸಲು ಹೋಗದೆ ನೀರಿನ ಬಿಲ್ಲು ಓದಿದಂತೆ ಓದಬೇಕು.

ಮನೆಯೊಳಗಿನ ಮಾತು ಇದಕ್ಕೆ ಪೂರ್ತಿ ಉಲ್ಟಾ. “ನಿಮಗೇ ಗೊತ್ತಲ್ಲ, ನಮಗೆ ತಿಂಗಳಿಗೆ 600 ಗ್ರಾಂ ಮಾತ್ರ ಕೊಡುವುದು” ಎಂದು ಆ ಮನೆಯಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಮೊಮ್ಮಗಳು ಲೋಟ ಎತ್ತಿಕೊಂಡು “ಅಜ್ಜಿ, ನಿನ್ನ ಸರದಿ ನಾಳೆ” ಅಂದರೆ ನೋಡುವವರಿಗೆ ನಿಯಮ ತಿಳಿಯಿತು. ಸ್ಕ್ರಿಪ್ಟಿನಲ್ಲಿ ನಿಯಮವನ್ನು ವಿವರಿಸುವ ಸಾಲುಗಳಿಗೆಲ್ಲ ಕೆಂಪು ಗೆರೆ ಎಳೆದು ತೆಗೆದುಹಾಕಿ. ಇಸವಿಯನ್ನೂ ಹಾಕಬೇಡಿ.

ಕೊನೆಗೆ ಬಂಡಾಯ ಬೇಡ. ಒಂದು ಪುಟಕ್ಕೆ ಒಂದು ನಿಮಿಷದ ಲೆಕ್ಕದಲ್ಲಿ ನಿಮ್ಮ ಕೈಲಿರುವುದು 12 ಪುಟ. ಅಷ್ಟರಲ್ಲಿ ಸರ್ಕಾರ ಬೀಳಿಸಿದರೆ ಯಾರೂ ನಂಬುವುದಿಲ್ಲ. ಜಾರ್ಜ್ ಆರ್ವೆಲ್ 1949ರಲ್ಲಿ ತಂದ ‘1984’ ಕಾದಂಬರಿಯ ಅನುಬಂಧ ಭೂತಕಾಲದಲ್ಲಿದೆ, ಆ ಆಡಳಿತ ಎಂದೋ ಕಳೆದುಹೋಯಿತು ಎಂದು ಅದರಿಂದಲೇ ಊಹಿಸುವ ಓದುಗರಿದ್ದಾರೆ. ಅಷ್ಟು ಸೂಚನೆ ಸಾಕು. ರೈಟರ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಕೈಬರಹ ಬದಲಾಗಲಿ. ರೈಟರು ಏನಾದರು ಎಂದು ನೋಡುವವರು ತಮ್ಮೊಳಗೇ ಕೇಳಿಕೊಳ್ಳುತ್ತಾರೆ.

ಕಣದ ಮೇಲೆ ಹಣ್ಣು ಬೇಕಿದ್ದರೆ ಅರೇಬಿಕಾ ಕುಯ್ಲಿನ ಡಿಸೆಂಬರ್-ಜನವರಿ ಸರಿ. ಒಣಗಲು ಹಾಕಿದ ಕಾಫಿ ತುಳಿಯಬೇಡಿ. ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸುವ ಕೆಲಸವನ್ನೇ ಚಿತ್ರೀಕರಿಸಿ, ಬೆಳಕೂ ಆಗಲೇ ಚೆನ್ನ. ಮಂಜು ಬೇಕೆಂದು ಜುಲೈನಲ್ಲಿ ಮೂಡಿಗೆರೆ ಕಡೆ ಹೋಗುವವರು ಕ್ಯಾಮೆರಾವನ್ನು ಎಸಿ ಕಾರಿನಿಂದ ತೆಗೆದೊಡನೆ ಬಿಚ್ಚಬೇಡಿ. ಬ್ಯಾಗಿನಲ್ಲೇ ಅರ್ಧ ಗಂಟೆ ಹೊರಗಿನ ಹವೆಗೆ ಒಗ್ಗಲಿ, ಇಲ್ಲದಿದ್ದರೆ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಹಾಸನದ ಇಸ್ರೋ ಕೇಂದ್ರದ ಆಂಟೆನಾಗಳು ಎಷ್ಟೇ ಆಸೆ ಹುಟ್ಟಿಸಿದರೂ ಅತ್ತ ಕ್ಯಾಮೆರಾ ತಿರುಗಿಸಬೇಡಿ. ಮುಳ್ಳಯ್ಯನಗಿರಿ, ಭದ್ರಾ ಕಡೆಯಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಕೈಯಲ್ಲಿರಲಿ.

ಉಳಿದದ್ದು ವಾಸನೆ, ಕ್ಯಾಮೆರಾಗೆ ಸಿಗದ ವಸ್ತು. ಹೊಗೆ ತೋರಿಸಿದರೆ ಅಡುಗೆ ಮನೆ ಅನ್ನಿಸುತ್ತದೆ ಅಷ್ಟೇ. ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕುವ ಕೈ, ಪಕ್ಕದ ಮನೆಯಲ್ಲಿ ಊಟ ಮಾಡುತ್ತಾ ಜಗಿಯುವುದನ್ನು ನಿಲ್ಲಿಸಿದ ಬಾಯಿ: ಈ ಎರಡು ಶಾಟ್ ತೆಗೆಯಿರಿ. ಮಿಕ್ಕಿದ್ದನ್ನು ಸದ್ದಿಗೆ ಬಿಡಿ. ಬೀಜ ಸಿಡಿಯುವ ಸದ್ದನ್ನು ಬೇರೆಯಾಗಿಯೇ ರೆಕಾರ್ಡ್ ಮಾಡಿ: 200 ಗ್ರಾಂ ಹಸಿ ಬೀಜ, ದಪ್ಪ ತಳದ ಬಾಣಲೆ, ಮೈಕು ಒಂದಡಿ ದೂರದಲ್ಲಿ ಓರೆಯಾಗಿ. ನೇರ ಮೇಲೆ ಹಿಡಿದರೆ ಹೊಟ್ಟು, ಬಿಸಿ ಎರಡೂ ಹೊಡೆಯುತ್ತವೆ. ಶೀಟಿನ ಮಾಡಿನ ಕೆಳಗೆ, ಮಳೆ ಬರುವಾಗ ಈ ಕೆಲಸಕ್ಕೆ ಇಳಿಯಬೇಡಿ. ಮಳೆಯ ಸದ್ದು ಬೇಕಿದ್ದರೆ ಇನ್ನೊಂದು ಟ್ರ್ಯಾಕ್‌ನಲ್ಲಿ ಆಮೇಲೆ ಸೇರಿಸಬಹುದು, ಒಂದಾಗಿ ಕೂತದ್ದನ್ನು ಬಿಡಿಸಲಾಗದು.