ಗಾಜಿನ ಮೇಲೆ 6 ಮಿ.ಮೀ. ನೀರು: ಕ್ಷಿಪಣಿ ರೆಕ್ಕೆಯ ಆಕಾರ ಪರೀಕ್ಷಿಸುವುದು ಹೇಗೆ?

ಜುಲೈ ಮಳೆಗೆ ಶಾಲೆಗಳಿಗೆ ರಜೆ ಸಿಕ್ಕಾಗ ಕೊಡಗಿನ ಮಕ್ಕಳು ಮನೆಯೊಳಗೇ ಮಾಡಬಹುದಾದ ಪ್ರಯೋಗವಿದು. ತೆಳುವಾಗಿ ನಿಂತ ನೀರಿನಲ್ಲಿ ಅಲೆ ಸಾಗುವ ಲೆಕ್ಕಕ್ಕೂ ಗಾಳಿಯಲ್ಲಿ ಒತ್ತಡದ ಅಲೆ ಸಾಗುವ ಲೆಕ್ಕಕ್ಕೂ ಹತ್ತಿರದ ಹೋಲಿಕೆಯಿದೆ. 6 ಮಿ.ಮೀ. ಆಳದ ನೀರಿನಲ್ಲಿ ಅಲೆಯ ವೇಗ ಸೆಕೆಂಡಿಗೆ 24 ಸೆಂ.ಮೀ. ಅದರ ಎರಡರಷ್ಟು ವೇಗದಲ್ಲಿ ಎಳೆದ ವಸ್ತು ಮ್ಯಾಕ್ 2ರಲ್ಲಿ, ಅಂದರೆ ಶಬ್ದದ ಎರಡರಷ್ಟು ವೇಗದಲ್ಲಿ, ಹಾರಿದಂತೆ.

ನಾಲ್ಕಡಿ ಉದ್ದ, ಎರಡಡಿ ಅಗಲದ ದಪ್ಪ ಗಾಜನ್ನು ಇಟ್ಟಿಗೆಗಳ ಮೇಲೆ ಒಂದಡಿ ಎತ್ತರದಲ್ಲಿಡಿ. ಬಾಗದಂತೆ ಉದ್ದನೆಯ ಬದಿಗಳ ನಡುವೆಯೂ ಆಸರೆ ಕೊಡಿ. ಅಂಚಿಗೆ ಮರದ ಪಟ್ಟಿಯಿಟ್ಟು ಸಿಲಿಕೋನ್ ಹಚ್ಚಿ. ನಾಲ್ಕೂವರೆ ಲೀಟರ್ ನೀರು ಸುರಿದು ನಾಲ್ಕೂ ಮೂಲೆಯಲ್ಲಿ ಆಳ ಅಳೆಯಿರಿ. ಎಲ್ಲ ಕಡೆ ಒಂದೇ ಇರಬೇಕು, ಇಲ್ಲದಿದ್ದರೆ ಅಲೆ ಸೊಟ್ಟಗಾಗುತ್ತದೆ. ಮೇಲಿನಿಂದ ಟಾರ್ಚ್, ಕೆಳಗೆ ಬಿಳಿ ಹಾಳೆ.

ಸಿಲ್ವರ್ ಓಕ್ ತುಂಡಿನಲ್ಲಿ 12 ಸೆಂ.ಮೀ. ಉದ್ದ, 12 ಮಿ.ಮೀ. ದಪ್ಪದ ಎರಡು ಮಾದರಿ ಮಾಡಿ, ರೆಕ್ಕೆಯನ್ನು ಅಡ್ಡ ಕೊಯ್ದರೆ ಕಾಣುವ ಆಕಾರದಲ್ಲಿ: ಒಂದು ಎರಡೂ ತುದಿ ಚೂಪಾದ ವಜ್ರಾಕಾರ, ಇನ್ನೊಂದು ಮೂಗು ದುಂಡಗಿನದು. ತೇಲದಂತೆ ಮೇಲೆ ನಟ್ಟು-ಬೋಲ್ಟ್ ಕಟ್ಟಿ, ದಾರ ಹಿಡಿದು ಗಾಜಿನ ಉದ್ದಕ್ಕೂ ಎರಡೂವರೆ ಸೆಕೆಂಡಿನಲ್ಲಿ ಸಮವಾಗಿ ಎಳೆಯಿರಿ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಾಳೆಯ ಮೇಲಿನ ನೆರಳನ್ನು ಚಿತ್ರಿಸಿ.

ವಜ್ರದ ಮೂಗಿಗೆ ಅಂಟಿಕೊಂಡೇ ಎರಡು ಓರೆ ಗೆರೆಗಳು ಹೊರಡುತ್ತವೆ. ದುಂಡು ಮೂಗಿನ ಮುಂದೆ, ಅದನ್ನು ಮುಟ್ಟದೆ, ಬಿಲ್ಲಿನಂತೆ ಬಾಗಿದ ದಪ್ಪ ಅಲೆ ನಿಲ್ಲುತ್ತದೆ. ಎಳೆತದ (ವಸ್ತುವನ್ನು ಹಿಂದಕ್ಕೆ ತಡೆಯುವ ಬಲದ) ಬಹುಪಾಲು ಹುಟ್ಟುವುದು ಆ ಬಿಲ್ಲಿನಲ್ಲೇ. ನಿಧಾನ ವಿಮಾನಕ್ಕೆ ಒಳ್ಳೆಯದಾದ ದುಂಡು ಅಂಚು ಇಲ್ಲಿ ಹೊರೆ.

ನೀರು 2–3 ಮಿ.ಮೀ.ಗೆ ಇಳಿದರೆ ನೀರಿನ ಮೇಲ್ಮೈ ಬಿಗಿತದಿಂದ (ಮೇಲ್ಮೈ ಕರ್ಷಣ) ಏಳುವ ಕಿರು ಅಲೆಗಳು ಮೂಗಿನ ಮುಂದೆಯೇ ಓಡಿ ಚಿತ್ರ ಕೆಡಿಸುತ್ತವೆ. ಆಳ ಹೆಚ್ಚಾದರೆ ಬೇರೆ ಬೇರೆ ಉದ್ದದ ಅಲೆಗಳು ಬೇರೆ ಬೇರೆ ವೇಗದಲ್ಲಿ ಸಾಗಿ ಗೆರೆ ಚದುರುತ್ತದೆ.

ದಪ್ಪದ ವಿಷಯ ಕಾಗದದ ಮೇಲೆ ನೋಡಿ. ಆಕಾರ ಅದೇ ಇದ್ದು ದಪ್ಪ ಇಮ್ಮಡಿಯಾದರೆ ಅಲೆಯಿಂದಾಗುವ ಎಳೆತ ನಾಲ್ಕು ಪಟ್ಟಾಗುತ್ತದೆ. ಮ್ಯಾಕ್ 2ರಲ್ಲಿ ಉದ್ದದ ಶೇ 5ರಷ್ಟು ದಪ್ಪದ ವಜ್ರಕ್ಕೆ ಎಳೆತದ ಗುಣಾಂಕ (ಎಳೆತ ಎಷ್ಟೆಂದು ಹೋಲಿಸುವ ಸಂಖ್ಯೆ) 0.0058, ಶೇ 10ಕ್ಕೆ 0.023.

ಇಡೀ ರೆಕ್ಕೆಯನ್ನು ಮೇಲಿನಿಂದ ನೋಡಿದಾಗ ಕಾಣುವ ಆಕಾರವನ್ನು ಈ ತಟ್ಟೆ ತೋರಿಸದು. ಅದಕ್ಕೆ ಕೋನಮಾಪಕ ಬೇಕು. ಮೂಗಿನಿಂದ ಹಿಂದಕ್ಕೆ ಓರೆಯಾಗಿ ಸಾಗುವ ಅಲೆಯ ಗೆರೆ ಹಾರಾಟದ ದಿಕ್ಕಿಗೆ ಎಷ್ಟು ಕೋನದಲ್ಲಿದೆ ಎಂದು ತಿಳಿಯಲು 1ನ್ನು ಮ್ಯಾಕ್ ಸಂಖ್ಯೆಯಿಂದ ಭಾಗಿಸಿ ಸೈನ್ ವಿಲೋಮ ತೆಗೆಯಿರಿ: ಮ್ಯಾಕ್ 2ಕ್ಕೆ 30 ಡಿಗ್ರಿ, ಬ್ರಹ್ಮೋಸ್ ಕ್ಷಿಪಣಿಯ ವೇಗದ ಆಸುಪಾಸಿನ 2.8ಕ್ಕೆ ಸುಮಾರು 21. ರೆಕ್ಕೆಯ ಮುಂದಂಚು ಈ ಗೆರೆಯ ಒಳಗೇ ಉಳಿಯಬೇಕಾದರೆ 2.8ರಲ್ಲಿ ಅದು 69 ಡಿಗ್ರಿಗೂ ಹೆಚ್ಚು ಹಿಂದಕ್ಕೆ ಬಾಗಿರಬೇಕು. ಗಿಡ್ಡ ರೆಕ್ಕೆಯ ಕ್ಷಿಪಣಿಗೆ ಅಷ್ಟು ಬಾಗು ಕೊಡುವುದು ಕಷ್ಟ. ಅಂಚು ಗೆರೆಯ ಹೊರಗೆ ಬಂದಲ್ಲಿ ಅದನ್ನು ಚೂಪಾಗಿ, ತೆಳುವಾಗಿ ಇಡಲೇಬೇಕು.