ಹಳೇ ಗೀಸರ್: ರಿಪೇರಿಯೋ, ಹೊಸದೋ?

ಗೀಸರ್ ಕೆಟ್ಟರೆ ನಾನು ಮೊದಲು ನೋಡುವುದು ಒಂದೇ. ಹೋಗಿರುವುದು ನೀರು ಕಾಯಿಸುವ ಕಾಯಿಲೋ, ಟ್ಯಾಂಕೋ? ಕಾಯಿಲ್, ಬೇಕಾದಷ್ಟು ಬಿಸಿಯಾದ ಕೂಡಲೇ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್, ವಾಷರ್ ಆದರೆ ರಿಪೇರಿ. ಟ್ಯಾಂಕೇ ತೂತಾಗಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ. ಎಷ್ಟು ಹಳೆಯದು ಅನ್ನುವುದು ಆಮೇಲಿನ ಮಾತು.

ನಮ್ಮದು ದಾವಣಗೆರೆ. ಕುಡಿಯೋಕೆ ಪಾಲಿಕೆ ನೀರು, ಬಚ್ಚಲಿಗೆ ಬೋರ್ ನೀರು. ಅದೋ ಸವಳು, ಬಕೆಟ್ ಅಂಚಿಗೆಲ್ಲಾ ಬಿಳಿ ಪಟ್ಟೆ ಕಟ್ಟುತ್ತದೆ. 25 ಲೀಟರಿನ ನಮ್ಮ ಗೀಸರ್ ಮೊದಮೊದಲು ನೀರು ಕಾಯಿಸೋಕೆ ಜಾಸ್ತಿ ಹೊತ್ತು ತೆಗೆದುಕೊಂಡಿತು, ಆಮೇಲೆ ಒಳಗೆ ಮಂಡಕ್ಕಿ ಭಟ್ಟಿಯ ಹಾಗೆ ಚಟಪಟ ಸದ್ದು, ಕೊನೆಗೆ ಸ್ವಿಚ್ ಹಾಕಿದ್ದೇ ತಡ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದು ಮನೆಯೆಲ್ಲಾ ಕತ್ತಲೆ. ಬಂದ ಮೆಕ್ಯಾನಿಕ್ ಕವರ್ ಕೂಡ ಬಿಚ್ಚದೆ, "ಇದು ಮುಗೀತು ಸಾರ್, ಹೊಸದು ಹಾಕ್ಸಿ" ಅಂದುಬಿಟ್ಟ.

ನಾನು ಮೋಟರ್ ವೈಂಡಿಂಗ್ ಮಾಡುವವನು, ಮೀಟರ್ ಕೈಯಲ್ಲೇ ಇರುತ್ತದೆ. ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ಕಾಯಿಲಿನ ವೈರ್ ಬಿಚ್ಚಿದೆ. 2000 ವ್ಯಾಟಿನ ಕಾಯಿಲಿಗೆ ಎರಡು ತುದಿ ಮಧ್ಯೆ 26 ಓಮ್ ಆಸುಪಾಸು ಬರಬೇಕು, ಬಂತು. ಆದರೆ ಏನೂ ಬರಬಾರದ ಕಡೆ, ತುದಿಗೂ ಬಾಡಿಗೂ ಮಧ್ಯೆಯೂ ಮೀಟರ್ ಓದಿತು! ಕಾಯಿಲಿನ ಹೊದಿಕೆ ಸೀಳಿ ನೀರು ಒಳಗಿಳಿದಿತ್ತು. ಆರ್‌ಸಿಸಿಬಿ, ಅರ್ತಿಂಗ್ ಎರಡೂ ಇಲ್ಲದ ಮನೆಯಲ್ಲಿ ಇಂಥ ಗೀಸರ್ ಜೀವ ತೆಗೆಯುತ್ತದೆ.

ನೀರು ಖಾಲಿ ಮಾಡಿ, ಕಾಯಿಲ್ ಕೂರಿಸಿರುವ ಮುಚ್ಚಳ, ಅಂದರೆ ಫ್ಲ್ಯಾಂಜ್ ಬಿಚ್ಚಿದರೆ ಸುಣ್ಣದ ಚಕ್ಕೆ ಬೊಗಸೆಗಟ್ಟಲೆ ಬಿತ್ತು. ಪಕ್ಕದ ಮೆಗ್ನೀಸಿಯಂ ರಾಡ್ ಕರಗಿ ಬರೀ ತಂತಿ. ಟ್ಯಾಂಕಿಗೆ ತುಕ್ಕು ಹಿಡಿಯದಿರಲಿ ಅಂತ ಮೊದಲು ತಾನೇ ಸವೆಯುವ ರಾಡ್ ಅದು, ಅದು ಮುಗಿದರೆ ಸರದಿ ಟ್ಯಾಂಕಿನದು. ಟಾರ್ಚ್ ಬಿಟ್ಟು ಒಳಗೆ ನೋಡಿದೆ. ಗಾಜಿನ ಲೇಪ ನೆಟ್ಟಗಿತ್ತು, ಬೆಸುಗೆ ಹತ್ತಿರ ಕೆಂಪು ಕಲೆ ಇರಲಿಲ್ಲ. ಕಾಯಿಲ್, ರಾಡ್, ವಾಷರ್ ತಂದು ಹಾಕಿದೆ. ಮೂರೂ ಸೇರಿದರೂ ಹೊಸ ಗೀಸರಿನ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ಒಳಗೆ ತುಕ್ಕು ಕಂಡಿದ್ದರೆ, ಇಲ್ಲವೇ ಕವರ್ ಸಂದಿಯಿಂದ ನೀರು ಜಿನುಗಿದ್ದರೆ ಅವತ್ತೇ ಗುಜರಿಗೆ ಹಾಕುತ್ತಿದ್ದೆ. ಸೇಫ್ಟಿ ವಾಲ್ವಿನಿಂದ ಕಾಯುವಾಗ ಒಂದೆರಡು ಹನಿ ಬೀಳುವುದು ಬೇರೆ ವಿಷಯ. ಬಿಸಿಗೆ ನೀರು ಹಿಗ್ಗುತ್ತದೆ ಅಲ್ವಾ, ಅದಕ್ಕೆ. ಅದನ್ನೇ ಟ್ಯಾಂಕ್ ಲೀಕ್ ಅಂತ ತೋರಿಸಿ ಹೊಸದು ಮಾರುವವರಿದ್ದಾರೆ.

ಇನ್ನು, ಹೊಸ ಫೈವ್ ಸ್ಟಾರ್ ಗೀಸರ್ ಕರೆಂಟ್ ಉಳಿಸುತ್ತದೆ ಅನ್ನುವ ಮಾತು. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸೋಕೆ ಯಾವ ಗೀಸರಿಗಾದರೂ ಸುಮಾರು 1 ಯೂನಿಟ್ ಬೇಕೇ ಬೇಕು. ಸ್ಟಾರ್ ಕೊಡುವುದು ಕಾಯಿಸಿಟ್ಟ ನೀರು ಎಷ್ಟು ಆರುತ್ತದೆ ಅನ್ನೋದಕ್ಕೆ. ನಮ್ಮಲ್ಲಿ ಸ್ನಾನಕ್ಕೆ ಮುಂಚೆ ಆನ್, ಮುಗಿದ ಕೂಡಲೇ ಆಫ್, ಹಾಗಾಗಿ ಆ ಉಳಿತಾಯ ನಮಗೆ ಅಷ್ಟಕ್ಕಷ್ಟೆ. ಇಡೀ ದಿನ ಆನ್ ಇಡುವ ಮನೆಗಾದರೆ ಆ ಲೆಕ್ಕ ಸರಿ.

ಈಗ ಥರ್ಮೋಸ್ಟಾಟ್ 55ಕ್ಕೆ ಇಳಿಸಿದ್ದೇನೆ. ಬಿಸಿ ಏರಿದಷ್ಟೂ ಸುಣ್ಣ ಜಾಸ್ತಿ. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಸ್ಪ್ಯಾನರ್ ತೊಳೆಯುವ ಮುಂಚೆ ಅದರಲ್ಲೇ ಫ್ಲ್ಯಾಂಜ್ ಬಿಚ್ಚಿ ರಾಡ್ ನೋಡುತ್ತೇನೆ, ಸಣ್ಣಗಾಗಿದ್ದರೆ ಬದಲಾಯಿಸುತ್ತೇನೆ.